ಮೊಲದ ಎದೆ, ಕಪ್ಪೆಯ ಎದೆ

ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದೆ. ಒಳಗಿದ್ದ ಮಾದರಿ ಕಾಡುಮೊಲದ್ದಲ್ಲ.

ಅದನ್ನು ಸೂರತ್‌ನಿಂದ ತಾನೇ ಹೊತ್ತು ತಂದಿದ್ದವನು ಎದುರಿಗೆ ನಿಂತು ಹೊಗಳಿಕೆಗೆ ಕಾಯುತ್ತಿದ್ದ. ಇದು ಮನೆಯಲ್ಲಿ ಸಾಕುವ ಮೊಲ, ಬಣ್ಣ ಮಾತ್ರ ಕಂದು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಕಿವಿ ಗಿಡ್ಡ, ಹಿಂಗಾಲು ಗಿಡ್ಡ, ಮುಖ ಗುಂಡಗೆ. ಕಾಡುಮೊಲ ಇಷ್ಟು ಮುದ್ದಾಗಿರುವುದಿಲ್ಲ. ಸುಮ್ಮನೆ ಕೂತಿದ್ದರೂ ಈಗಲೋ ಆಗಲೋ ಓಡಿಬಿಡುವ ಹಾಗೆ ಕಾಣಬೇಕು.

ಅವನು ಫೋನ್ ತೆಗೆದು ಕಿಟಕಿಯ ಕಡೆ ತಿರುಗಿದ.

"ಅಮ್ಮಾ, ಇವತ್ತು ಬೇಗ ಬರಲ್ಲ. ಇಲ್ಲೊಬ್ರು ಮೇಡಂ ಇದಾರೆ, ನನ್ನ ಮೊಲದ ಕಿವಿ ಹಿಡ್ಕೊಂಡು ಕೂತಿದಾರೆ. ಬಿಡೋ ಹಾಗೆ ಕಾಣಲ್ಲ. ಊಟ? ಊಟ ಎಲ್ಲಿ ಬಂತು."

"ಊಟ ಕೆಳಗೆ ಕ್ಯಾಂಟೀನಿನಲ್ಲಿ ಸಿಗುತ್ತೆ," ಎಂದೆ, ಕನ್ನಡದಲ್ಲೇ. "ಕಿವಿ ಮಾತ್ರ ಬಿಡಲ್ಲ."

ಫೋನ್ ಹಿಡಿದ ಕೈ ಹಾಗೇ ಇಳಿಯಿತು. ಮೆಲ್ಲನೆ ತಿರುಗಿದ. ಅವನ ಕಿವಿಗಳು ತುದಿಯವರೆಗೂ ಕೆಂಪಾಗಿದ್ದವು. ಅವನು ಮೊಲಕ್ಕೆ ಕೊಟ್ಟ ಕಿವಿಗಿಂತ ಅವೇ ಉದ್ದ ಎನ್ನಿಸಿತು.

ನಾನು ಅಹಮದಾಬಾದಿನ ಒಂದು ಖಾಸಗಿ ವಿಜ್ಞಾನ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಗಳ ವಿವರಣೆಯ ಫಲಕ ಬರೆಯುವವಳು. ವಡೋದರಾದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮಾಡಿದೆ. ಸುಧನ್ವನನ್ನು ಮದುವೆಯಾಗಿ, ಅವನ ಬ್ಯಾಂಕಿನ ಕೆಲಸದ ಜೊತೆ ಈ ಊರಿಗೆ ಬಂದೆ. ಅವನು ಸತ್ತ ಮೇಲಿನ ಎರಡನೆಯ ಬೇಸಿಗೆ ಅದು. ಫಲಕಗಳಿಗೆ ನಲವತ್ತು ಪದಗಳ ಮಿತಿಯಿತ್ತು. ನನಗೆ ಅದು ಅನುಕೂಲವಾಗಿತ್ತು. ಮನೆಯಲ್ಲಿ ಅಷ್ಟು ಪದಗಳೂ ಬೇಕಾಗುತ್ತಿರಲಿಲ್ಲ.

ಹೊಸ ಗ್ಯಾಲರಿಯ ಒಂದು ಮೂಲೆಯನ್ನು ಮಕ್ಕಳಿಗೆಂದು ಬಿಟ್ಟಿದ್ದರು. ಜಿಗಿಯುವ ಎರಡು ಪ್ರಾಣಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಬೇಕು. ಒಂದು, ನಮ್ಮ ದೇಶದ ಕಾಡುಮೊಲ. ಇನ್ನೊಂದು, ಬೇಸಿಗೆಯಿಡೀ ಮಣ್ಣೊಳಗಿದ್ದು ಮೊದಲ ಮಳೆಗೆ ಎದ್ದು ಹಳದಿಯಾಗುವ ದೊಡ್ಡ ಕಪ್ಪೆ, ಬುಲ್‌ಫ್ರಾಗ್. ಎಲುಬು, ಕಣ್ಣು, ಮರಿ, ಹೃದಯ. ಮಾತು ನನ್ನದು, ಮಾದರಿಗಳು ಆ ಪೆಟ್ಟಿಗೆ ತಂದಿದ್ದ ಸೂರತ್‌ನ ರೋಹನ್‌ನ ವರ್ಕ್‌ಶಾಪಿನವು.

ರೋಹನ್‌ನ ಅಪ್ಪ ಕನ್ನಡದವರೇ, ಎಲ್ಐಸಿಯಲ್ಲಿದ್ದು ಸೂರತ್‌ನಲ್ಲೇ ನಿವೃತ್ತರಾದವರು. ಮನೆ ಅಲ್ಲೇ ಅಡಾಜಣ್‌ನಲ್ಲಿ. ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಅಮ್ಮನ ಜೊತೆ ಆಡುವಷ್ಟು ಮಾತ್ರ ಬರುತ್ತಿತ್ತು. ಆದ್ದರಿಂದ ಅವನ ಕನ್ನಡದಲ್ಲಿ ಹಸಿವು, ನಿದ್ದೆ, ಸಿಟ್ಟು ಎಲ್ಲಕ್ಕೂ ಪದವಿತ್ತು. ಆಫೀಸಿನ ಒಂದು ವಿಷಯಕ್ಕೂ ಇರಲಿಲ್ಲ.

ಮ್ಯೂಸಿಯಮ್ಮಿನಲ್ಲಿ ಎಲ್ಲರೂ ಇಲ್ಲಿಯ ಪದ್ಧತಿಯಂತೆ ನನ್ನನ್ನು ವರ್ಷಿಣಿಬೆನ್ ಎನ್ನುತ್ತಿದ್ದರು. ಕಾವಲಿನವನಿಂದ ಡೈರೆಕ್ಟರ್‌ವರೆಗೆ ಎಲ್ಲರಿಗೂ ನಾನು ಅಕ್ಕ ಇಲ್ಲವೆ ತಂಗಿ. ಸೂರತ್‌ನಲ್ಲೇ ಬೆಳೆದ ರೋಹನ್ ಮಾತ್ರ ಬರೀ ವರ್ಷಿಣಿ ಎನ್ನುತ್ತಿದ್ದ.

"ನೀವೊಬ್ಬರೇ ಬೆನ್ ಅನ್ನಲ್ಲ," ಎಂದೆ ಒಂದು ದಿನ.

ಅವನು ಕಪ್ಪೆಯ ಬೆರಳುಗಳ ನಡುವಿನ ಚರ್ಮಕ್ಕೆ ಬಣ್ಣ ಹಚ್ಚುತ್ತಿದ್ದ. ತಲೆಯೆತ್ತದೆ, "ಅನ್ನಬೇಕಾ?" ಎಂದ.

ಕುಂಚ ಸ್ವಲ್ಪ ಹೊತ್ತು ಒಂದೇ ಬೆರಳಿನ ಮೇಲೆ ಓಡಾಡಿತು.

ಎರಡನೆಯ ಸಲ ಅವನು ತಂದ ಮೊಲಕ್ಕೆ ಕಿವಿ ಸರಿಯಿತ್ತು, ಎಲುಬು ಸರಿಯಿರಲಿಲ್ಲ. ಎಲುಬುಗಳನ್ನು ನಿಜವಾಗಿ ನೋಡಬೇಕು ಎಂದೆ. ವಡೋದರಾ ಇಬ್ಬರಿಗೂ ದಾರಿಯ ಮಧ್ಯ. ಅವನು ಆ ಕಡೆಯಿಂದ ರೈಲಿನಲ್ಲಿ ಬಂದ, ನಾನು ಈ ಕಡೆಯಿಂದ. ನನಗೆ ಪಾಠ ಹೇಳಿದ ಪದ್ಮಾವತಿ ಮೇಡಂ ಇನ್ನೂ ಡಿಪಾರ್ಟ್‌ಮೆಂಟಿನಲ್ಲಿದ್ದರು. ಅಸ್ಥಿಪಂಜರಗಳ ಬೀರು ತೆರೆದುಕೊಟ್ಟು, ನನ್ನ ಬೋಳು ಹಣೆ ನೋಡಿ, ಏನೂ ಕೇಳದೆ ತರಗತಿಗೆ ಹೋದರು.

ಕಪ್ಪೆಯ ಮುಂಗಾಲಿನ ಎರಡು ಎಲುಬುಗಳು ಕೂಡಿ ಒಂದಾಗಿರುವುದನ್ನು ತೋರಿಸಿದೆ. ಪಕ್ಕೆಲುಬೇ ಇಲ್ಲದ್ದನ್ನು ತೋರಿಸಿದೆ. ಮೊಲದ ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ, ಕಪ್ಪೆಯದು ಬಾಗುವುದಿಲ್ಲ, ಆದ್ದರಿಂದ ಅದು ಹಾರಿದಾಗ ಒಂದು ಕಲ್ಲನ್ನು ಎಸೆದ ಹಾಗೆ ಹೋಗಿ ಬೀಳುತ್ತದೆ ಎಂದೆ.

"ಕುತ್ತಿಗೆ ಎಲ್ಲಿ ಇದಕ್ಕೆ?" ಎಂದ.

"ಇಲ್ಲ. ತಿರುಗಿ ಹಿಂದೆ ನೋಡೋಕಾಗಲ್ಲ."

"ಮೊಲಕ್ಕೆ ಆಗುತ್ತಾ?"

"ಮೊಲಕ್ಕೆ ತಿರುಗೋದೇ ಬೇಡ. ಕಣ್ಣು ತಲೆಯ ಪಕ್ಕದಲ್ಲಿವೆ. ಹಿಂದೆ ಇರೋದೆಲ್ಲ ಸದಾ ಕಾಣ್ತಿರುತ್ತೆ. ಮುಂದೆ ಇರೋದೇ ಸರಿಯಾಗಿ ಕಾಣಲ್ಲ."

ಅವನು ಮೊಲದ ತಲೆಬುರುಡೆಯನ್ನು ಅಂಗೈಯಲ್ಲಿಟ್ಟುಕೊಂಡು ನನ್ನನ್ನೇ ನೋಡಿದ. ನಾನು ಅವನ ಎದುರಿಗೇ ನಿಂತಿದ್ದೆ.

"ಗೊತ್ತಾಯ್ತು," ಎಂದ.

ಮಧ್ಯಾಹ್ನ ಸ್ಟೇಷನ್ನಿನ ಹತ್ತಿರ, ಬಟಾಣಿ ಗೊಜ್ಜಿನ ಮೇಲೆ ಸೇವ್ ಉದುರಿಸಿದ ಸೇವ್ ಉಸಲ್ ತಿಂದೆವು. ಖಾರದ ರಸ ಬೇರೆ ಕೇಳಬೇಡಿ ಎಂದು ಎಚ್ಚರಿಸಿದ್ದೆ, ಕೇಳಿದ. ಸೂರತ್‌ನವರು ಖಾರಕ್ಕೆ ಹೆದರುವವರಲ್ಲ ಎಂದು ಒಂದು ಸಣ್ಣ ಭಾಷಣ ಮಾಡಿದ. ಮೊದಲ ಚಮಚಕ್ಕೇ ಕಣ್ಣು ಬಿಗಿಯಾಗಿ ಮುಚ್ಚಿ, ತಲೆ ತಗ್ಗಿಸಿ, ಬಹಳ ಕಷ್ಟದಿಂದ ನುಂಗಿದ.

ಕಪ್ಪೆಯೂ ಹೀಗೇ ನುಂಗುವುದು ಎಂದು ಹೇಳಿದೆ. ಅದಕ್ಕೆ ಗಂಟಲಿನ ಬಲ ಸಾಲುವುದಿಲ್ಲ. ಕಣ್ಣು ಮುಚ್ಚಿ, ಕಣ್ಣುಗುಡ್ಡೆಗಳನ್ನೇ ಒಳಕ್ಕೆ ಒತ್ತಿ ತುತ್ತನ್ನು ಕೆಳಗಿಳಿಸುತ್ತದೆ.

ನೀರು ಸುರಿಯುವ ಕಣ್ಣು ತೆರೆದು, "ಹಾಗಾದ್ರೆ ನೀವು ಮೊಲ, ನಾನು ಕಪ್ಪೆ. ಜೋಡಿ ಚೆನ್ನಾಗಿದೆ," ಎಂದ.

ನಕ್ಕೆ. ನಕ್ಕದ್ದು ನಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ಬೀಳಿಸಿದ ಹಾಗಿತ್ತು ಆ ಶಬ್ದ. ರೋಹನ್ ಚಮಚ ಕೆಳಗಿಟ್ಟು ಅದನ್ನೇ ಕೇಳುತ್ತಿದ್ದ. ಅವನ ಮೂಗು ಇನ್ನೂ ಕೆಂಪಗಿತ್ತು.

ಅಹಮದಾಬಾದಿನ ಸ್ಯಾಟಲೈಟ್ ಎಂಬ ಬಡಾವಣೆಯ ಫ್ಲ್ಯಾಟಿನಲ್ಲಿ ನಾನು ಮತ್ತು ನನ್ನ ಅತ್ತೆ ರಾಜಮ್ಮ ಇಬ್ಬರೇ. ಮಗನ ಮನೆ ನೋಡಿಕೊಂಡು ಹೋಗಲೆಂದು ತುಮಕೂರಿನಿಂದ ಬಂದಿದ್ದರು. ಮಗ ಹೋದ ಮೇಲೂ ಹೋಗಲಿಲ್ಲ. ನನ್ನನ್ನು ನೋಡಿಕೊಳ್ಳಲು ಅವರು ಉಳಿದರೋ, ಅವರನ್ನು ನೋಡಿಕೊಳ್ಳಲು ನಾನೋ, ಇಬ್ಬರೂ ಕೇಳಿಕೊಂಡಿರಲಿಲ್ಲ.

ಆ ಸಂಜೆ ನನ್ನ ಕುರ್ತಾದ ಮೇಲಿನ ಎಣ್ಣೆ ಕಲೆ ನೋಡಿ, ಏನು ತಿಂದೆ ಎಂದರು. ಹೇಳಿದೆ. ಯಾರ ಜೊತೆ ಎಂದು ಕೇಳಲಿಲ್ಲ. ಕುರ್ತಾವನ್ನು ನೆನೆಸಿಟ್ಟರು.

ಹೃದಯದ ಫಲಕ ಒಂದನ್ನು ಮಾತ್ರ ನಾನು ಬರೆದಿರಲಿಲ್ಲ. ರೋಹನ್ ಅದಕ್ಕೆ ಕಾಯಲಿಲ್ಲ. ಮಾದರಿ ಮಾಡಿ ಮುಗಿಸಿದ್ದೇನೆ, ಬಂದು ನೋಡಿ ಎಂದು ಫೋನ್ ಮಾಡಿದ. ಸೂರತ್‌ಗೆ ಹೋದೆ.

ವರ್ಕ್‌ಶಾಪ್ ಉಧನಾದಲ್ಲಿತ್ತು. ಸುತ್ತ ಪವರ್‌ಲೂಮುಗಳು, ಗೋಡೆ ಸದಾ ಸಣ್ಣಗೆ ನಡುಗುತ್ತಿತ್ತು. ಮೇಜಿನ ಮೇಲೆ ರಬ್ಬರಿನ ಎರಡು ದೊಡ್ಡ ಹೃದಯಗಳು. ಮೊಲದ್ದಕ್ಕೆ ನಾಲ್ಕು ಕೋಣೆ. ಕಪ್ಪೆಯದಕ್ಕೆ ಮೂರು, ಒಳ್ಳೆಯ ರಕ್ತವೂ ಕೆಟ್ಟ ರಕ್ತವೂ ಕೆಳಗಿನ ಒಂದೇ ಕೋಣೆಗೆ ಬಂದು ಸೇರುವುದನ್ನು ಕೆಂಪು ನೀಲಿ ದೀಪಗಳಲ್ಲಿ ತೋರಿಸಿದ್ದ. ಮುಂದೆ ಅಂಗೈಯ ಆಕಾರದ ಒಂದು ಹಲಗೆ. ಮಕ್ಕಳು ಅದನ್ನು ಒತ್ತಿ ಹಿಡಿದರೆ ಎರಡೂ ಬಡಿಯುತ್ತವೆ, ಕೈ ತೆಗೆದರೆ ನಿಲ್ಲುತ್ತವೆ. ಹೃದಯವನ್ನು ತಾವೇ ನಡೆಸುತ್ತಿದ್ದೇವೆ ಎಂದು ಮಕ್ಕಳಿಗೆ ಅನ್ನಿಸಬೇಕು, ಅದೇ ಮಜಾ ಎಂದು ವಿವರಿಸಿದ.

ಅಂಗೈಯಿಟ್ಟು ಒತ್ತಿದೆ. ಹಲಗೆಯ ಕೆಳಗಿನಿಂದ ಬಡಿತ ಕೈಗೆ ಬಂತು.

"ಈಗ ತೆಗೀರಿ," ಎಂದ.

ತೆಗೆಯಲಿಲ್ಲ.

"ವರ್ಷಿಣಿ? ಕೈ ತೆಗೀರಿ. ಹೇಗೆ ನಿಲ್ಲುತ್ತೆ ನೋಡಿ."

ಸುಧನ್ವ ಬ್ಯಾಡ್ಮಿಂಟನ್ ಆಡುತ್ತ ಬಿದ್ದ. ನಾನು ಓಡಿ ತಲುಪುವಾಗ ಪಕ್ಕದ ಕೋರ್ಟಿನ ಯಾರೋ ಒಬ್ಬರು ಅವನ ಎದೆ ಒತ್ತುತ್ತಿದ್ದರು. ಅವರ ಬೆವರು ಸುಧನ್ವನ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. ಆಂಬುಲೆನ್ಸಿನವರು ಬಂದು ಪರೀಕ್ಷಿಸಿ, ಸಾಕು ಭಾಯಿ, ಬಿಡಿ ಎಂದರು. ನಾನು ಆ ಮನುಷ್ಯನ ತೋಳು ಹಿಡಿದು, ಕೈ ತೆಗೆಯಬೇಡಿ ಎಂದು ಬೇಡಿಕೊಂಡೆ. ಮತ್ತೆ ಮತ್ತೆ ಬೇಡಿಕೊಂಡೆ. ಕನ್ನಡದಲ್ಲಿ. ಈ ಊರಿನಲ್ಲಿ ಹಿಂದಿ ಮಾತಾಡುತ್ತೇನೆ, ಗುಜರಾತಿ ತಿಳಿಯುತ್ತದೆ. ಆಗ ಎರಡೂ ಬರಲಿಲ್ಲ. ಅವರಿಗೆ ನನ್ನ ಮಾತು ಅರ್ಥವಾಗಲಿಲ್ಲ. ಕೈ ತೆಗೆದರು.

ಹಲಗೆಯನ್ನು ಒತ್ತಿಕೊಂಡೇ ಇದನ್ನು ರೋಹನ್‌ಗೆ ಹೇಳಿದೆ. ನಾನು ವಿಧವೆ ಎಂಬುದು ಅವನಿಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

ಅವನು ಸ್ವಿಚ್ ಆರಿಸಲಿಲ್ಲ. ಸಾರಿ ಎನ್ನಲಿಲ್ಲ. ಹತ್ತಿರ ಬಂದು, ನನ್ನ ಕೈಯ ಪಕ್ಕದಲ್ಲಿ, ಹಲಗೆಯ ಅಂಚಿನ ಮೇಲೆ ತನ್ನ ಕೈಯಿಟ್ಟು ಒತ್ತಿದ.

"ನಾನು ಹಿಡ್ಕೊಂಡಿರ್ತೀನಿ. ನೀವು ಬಿಡಿ."

ಒಂದೊಂದೇ ಬೆರಳು ಬಿಡಿಸಿಕೊಂಡೆ. ಬಡಿತ ನಿಲ್ಲಲಿಲ್ಲ. ಹೊರಗೆ ಲೂಮುಗಳು ಓಡುತ್ತಿದ್ದವು. ನಾನು ಸ್ಟೂಲಿನ ಮೇಲೆ ಕೂತು ನೀರು ಕುಡಿದು ಮುಗಿಸುವವರೆಗೂ ಅವನು ಹಾಗೆಯೇ ಒತ್ತಿ ನಿಂತಿದ್ದ. ಕೈ ಬದಲಾಯಿಸಲೂ ಇಲ್ಲ.

ಸುಧನ್ವನ ನಂತರ ಯಾರನ್ನಾದರೂ ಮುಟ್ಟಬೇಕು ಎನ್ನಿಸಿದ್ದು ಆಗ. ಅವನ ಮಣಿಕಟ್ಟಿನ ಮೇಲೆ ಬಿಳಿ ರಬ್ಬರಿನ ಧೂಳಿತ್ತು. ಅದನ್ನು ಒರೆಸಿದೆ. ಒರೆಸಿದ್ದಷ್ಟೇ.

ಸ್ಟೇಷನ್ನಿಗೆ ಬಿಡಲು ಬಂದಾಗ, ಅವನ ಮಾದರಿಯಲ್ಲಿ ತಪ್ಪಿದೆ ಎಂದೆ. ಕೈ ತೆಗೆದರೆ ಎರಡೂ ನಿಲ್ಲಬಾರದು. ದೇಹದಿಂದ ತೆಗೆದಿಟ್ಟರೆ ಮೊಲದ ಹೃದಯ ಬೇಗ ನಿಂತುಹೋಗುತ್ತದೆ. ಕಪ್ಪೆಯದು ನಿಲ್ಲುವುದಿಲ್ಲ, ಉಪ್ಪುನೀರಿನಲ್ಲಿಟ್ಟರೆ ಬಹಳ ಹೊತ್ತು ತಾನೇ ಬಡಿಯುತ್ತಿರುತ್ತದೆ. ಹಾಗೇ ತೋರಿಸಿ ಎಂದೆ. ಸರಿ ಎಂದ. ರೈಲು ಬರುವ ಘೋಷಣೆಯಾಯಿತು.

"ಗ್ಯಾಲರಿ ಓಪನ್ ಆದ್ಮೇಲೆ ನಂಗೆ ಅಹಮದಾಬಾದಿಗೆ ಬರೋಕೆ ನೆಪ ಇರಲ್ಲ," ಎಂದ. "ನೆಪ ಇಲ್ದೇನೂ ಬರಬಹುದಾ? ನಿಮ್ಮ ಜೊತೆ ಇರ್ಬೇಕು ಅಂತ ಆಸೆ ನಂಗೆ. ಮದುವೆ ಮಾಡ್ಕೊಂಡು, ಸರಿಯಾಗಿ. ನಿಮ್ಮ ಅತ್ತೆಯವರೂ ಬರಲಿ. ಅಷ್ಟರೊಳಗೆ ಹೇಳಿ ಸಾಕು."

ನಾನು ಹೂಂ ಎಂದೆ. ಹೇಳುತ್ತೇನೆ ಎಂಬ ಹೂಂ. ಅವನಿಗೆ ಅದೂ ಸಾಕಾಯಿತು. ಕಿಟಕಿಯ ಪಕ್ಕದಲ್ಲಿ ಪ್ಲ್ಯಾಟ್‌ಫಾರ್ಮ್ ಮುಗಿಯುವವರೆಗೂ ನಡೆದು ಬಂದ. ನಡೆಯುವುದು ಓಟವಾದಾಗ ತನ್ನನ್ನೇ ನೋಡಿ ನಕ್ಕ.

ಮುಂದಿನ ವಾರಗಳಲ್ಲಿ ಬೆಳಿಗ್ಗೆ ಎದ್ದಾಗ ಏನೋ ಒಂದು ಇದೆ ಎನ್ನಿಸುತ್ತಿತ್ತು. ಬಸ್ಸಿನಲ್ಲಿ ಕೂತಾಗ ಅವನ ಓಟ ನೆನಪಾಗುತ್ತಿತ್ತು. ಹೃದಯದ ಫಲಕವನ್ನು ಒಂದೇ ಸಲಕ್ಕೆ ಬರೆದೆ. ಅವನಿಗೆ ಹೂಂ ಎನ್ನಬೇಕು ಎಂದು ತೀರ್ಮಾನಿಸಿದೆ. ಅದರಿಂದ ಭಯವಾಗಲಿಲ್ಲ. ಹಸಿವಾದ ಹಾಗಿತ್ತು.

ಅತ್ತೆಗೆ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಿದ್ದರು. ಸೂರತ್, ಅಡಾಜಣ್, ಅಪ್ಪ ಎಲ್ಐಸಿ ಎಂದೆಲ್ಲ ಕೇಳಿಕೊಂಡರು. ಅವರೂ ಬರಲಿ ಎಂದು ಅವನು ಹೇಳಿದ್ದನ್ನೂ ಹೇಳಿದೆ. ಉಳಿದ ಸೊಪ್ಪನ್ನೂ ಬಿಡಿಸಿ ಮುಗಿಸಿದರು.

"ನಾನ್ಯಾಕೆ ಬರ್ಲಿ, ತುಮಕೂರಲ್ಲಿ ಮನೆ ಇದೆ. ನೀನು ಹೋಗೋದಾದ್ರೆ ಹೋಗು ಕಣೇ. ಹೇಳಿ ಹೋಗ್ತಿದೀಯಲ್ಲ, ಅಷ್ಟು ಸಾಕು. ಹೇಳ್ದೆ ಹೋದೋನು ಈ ಮನೇಲಿ ಒಬ್ಬ ಆಯ್ತು."

ಗ್ಯಾಲರಿ ತೆರೆಯುವ ಮುಂಚಿನ ಭಾನುವಾರ ಮತ್ತೆ ವಡೋದರಾದಲ್ಲಿ ಸಿಗೋಣ ಎಂದಿದ್ದೆವು. ಅತ್ತೆ ಒಂದು ಡಬ್ಬಿಯಲ್ಲಿ ಚಟ್ನಿಪುಡಿ ತುಂಬಿ, ಅವನಮ್ಮನಿಗೆ ಕೊಡು ಎಂದರು. ರೈಲಿನಲ್ಲಿ ಕೂತು ಹೇಗೆ ಹೇಳಬೇಕೆಂದು ಯೋಚಿಸಿಕೊಂಡೆ. ಬಹಳ ಪದ ಬೇಕಿರಲಿಲ್ಲ.

ಕಮಾಟಿ ಬಾಗ್‌ನ ಉದ್ಯಾನದಲ್ಲಿ ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಅವನು ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ. ತಲೆ ಬಾಚಿದ್ದ. ನನ್ನನ್ನು ನೋಡಿ ಎದ್ದು ನಿಂತ.

ಏನೂ ಅನ್ನಿಸಲಿಲ್ಲ.

ಪಕ್ಕದಲ್ಲಿ ಕೂತೆ. ಕಾದೆ. ಅವನು ಏನೋ ತಮಾಷೆ ಮಾಡಿದ; ಅದು ತಮಾಷೆ ಎಂದು ತಿಳಿಯಿತು, ಅಷ್ಟೇ. ಅವನ ಕೈ ನೋಡಿದೆ. ಎರಡು ವರ್ಷ ಇದ್ದ ಹಾಗೇ ಇದ್ದೆ: ಕಾಲು ಜೋಮು ಹಿಡಿದಾಗ ಮುಟ್ಟಿ ನೋಡಿಕೊಂಡರೆ ಬೇರೆಯವರ ಕಾಲು ಎನ್ನಿಸುತ್ತದಲ್ಲ, ಹಾಗೆ. ಸುಳ್ಳು ಹೂಂ ಒಂದನ್ನು ಹೇಳಿಬಿಡಬಹುದಿತ್ತು. ಅವನು ಅಂಗಿಗೆ ಇಸ್ತ್ರಿ ಮಾಡಿಕೊಂಡು ಬಂದಿದ್ದ. ಆಗಲಿಲ್ಲ.

"ರೋಹನ್, ಹೂಂ ಅನ್ನೋಕೇ ಬಂದೆ. ಇಲ್ಲಿ ಬಂದ್ಮೇಲೆ ಏನೂ ಅನ್ನಿಸ್ತಿಲ್ಲ."

"ಟೆನ್ಷನ್ ಇರಬೇಕು."

"ಇಲ್ಲ."

ಡಿಗ್ರಿಯಲ್ಲಿ ಕಪ್ಪೆ ಕೊಯ್ದ ಕೊನೆಯ ಬ್ಯಾಚುಗಳಲ್ಲಿ ನಮ್ಮದೊಂದು ಎಂದು ಅವನಿಗೆ ಹೇಳಿದೆ. ಹೃದಯ ತೆಗೆದು ಗಾಜಿನ ತಟ್ಟೆಯಲ್ಲಿ, ಉಪ್ಪುನೀರಿನಲ್ಲಿಡುತ್ತಿದ್ದೆವು. ಬಡಿಯುತ್ತಿರುತ್ತಿತ್ತು. ಮೇಲೆ ಒಂದು ಹನಿ ಅಡ್ರಿನಲಿನ್ ಬಿಟ್ಟರೆ ಜೋರಾಗಿ ಬಡಿಯುತ್ತಿತ್ತು. ನಾವೆಲ್ಲ ಬಗ್ಗಿ ನೋಡಿ ಖುಷಿಪಡುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಹನಿಯ ಪ್ರಭಾವ ಇಳಿದು ಮೊದಲಿನಂತಾಗುತ್ತಿತ್ತು.

"ನಾನು ಆ ಹನಿ," ಎಂದ.

"ನನಗೆ ಗೊತ್ತಿಲ್ಲ. ಹಾಗಿರಬಹುದು ಅಂತ ಭಯ."

"ಜೋರಾಗಿ ಬಡಿದದ್ದಂತೂ ನಿಜ ತಾನೆ?"

"ನಿಜ. ಆದ್ರೆ ಕಪ್ಪೆ ಬದುಕಿರಲಿಲ್ಲ, ರೋಹನ್."

ಅವನು ಎದ್ದು ನಿಂತಾಗ ಅಂಗಿಯ ಬೆನ್ನಿಗೆ ಬೆಂಚಿನ ಧೂಳು ಮೆತ್ತಿತ್ತು. ಒರೆಸಲು ನನ್ನ ಕೈ ಏಳಲಿಲ್ಲ.

"ಮತ್ತೆ ಕೇಳಲ್ಲ ನಾನು," ಎಂದ. "ಕೇಳ್ತಾ ಇದ್ರೆ ಒಂದಿನ ಸಾಕಾಗಿ ಹೂಂ ಅಂತೀರ. ಹಾಗೆ ಬೇಡ ನಂಗೆ."

ಚಟ್ನಿಪುಡಿಯ ಡಬ್ಬಿ ಕೊಟ್ಟೆ. ತೆಗೆದುಕೊಂಡ. ಸ್ಟೇಷನ್ನಿನವರೆಗೆ ಜೊತೆಗೇ ನಡೆದೆವು, ಬೇರೆ ದಾರಿಯಿರಲಿಲ್ಲ. ಅವನ ರೈಲು ಮೊದಲು ಬಂತು.

ಮನೆ ತಲುಪುವಾಗ ದೀಪ ಹಚ್ಚುವ ಹೊತ್ತು. ಅತ್ತೆ ಬಾಗಿಲು ತೆರೆದು ನನ್ನ ಮುಖ ನೋಡಿದರು.

"ಯಾಕೆ ಬಂದೆ?" ಎಂದರು.

ಚಪ್ಪಲಿ ಬಿಟ್ಟು ಒಳಗೆ ನಡೆದೆ. ಅವರು ಹಿಂದೆಯೇ ಬಂದರು.

"ಬೆಳಿಗ್ಗೆಯಿಂದ ಇಲ್ಲಿ ಕೂತು ನಿನ್ನ ಕಳಿಸಿಕೊಟ್ಟಾಯ್ತು ಅಂತ ಮನಸ್ಸು ಗಟ್ಟಿ ಮಾಡ್ಕೊಂಡಿದೀನಿ. ಅತ್ತಾಯ್ತು, ಮುಖ ತೊಳೆದಾಯ್ತು. ಈಗ ಬಂದು ನಿಂತಿದೀಯ. ಆ ಹುಡುಗ ಏನು ಮಾಡ್ದ ನಿಂಗೆ? ಅಷ್ಟು ದೂರದಿಂದ ಬಂದೋನು, ಊಟನಾದ್ರೂ ಮಾಡ್ದ್ನಾ?"

ಮಾಡಿರಲಿಲ್ಲ. ಊಟದ ಮಾತೇ ಬಂದಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿಯಲ್ಲಿ ಖಾಲಿ ಹೊಟ್ಟೆಯಲ್ಲಿ ಅವನು ರೈಲು ಹತ್ತಿದ್ದ.

ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಅದು ಎಲ್ಲಿಂದ ಬಂತೋ ತಿಳಿಯದು. ಜೋಮು ಬಿಡುವಾಗಿನ ನೋವು, ಮೈಯೆಲ್ಲ. ಹನಿಯಲ್ಲ ಅದು. ಅವನು ಅಲ್ಲಿರಲಿಲ್ಲ, ಯಾರೂ ಏನೂ ತೊಟ್ಟಿಕ್ಕಿಸಿರಲಿಲ್ಲ.

ಫೋನ್ ಮಾಡಿದೆ. ಅವನು ಅಡಾಜಣ್ ತಲುಪಿದ್ದ. ಒಳಗೆ ಕುಕ್ಕರ್ ಕೂಗುತ್ತಿತ್ತು. ಬಾಲ್ಕನಿಗೆ ಬಂದನೆಂದು ಕಾಣುತ್ತದೆ, ಸದ್ದು ಕಡಿಮೆಯಾಯಿತು.

"ರೋಹನ್, ನೋವಾಗ್ತಿದೆ. ನೀವು ಹೋಗಿದ್ದಕ್ಕೆ. ನಿಮ್ಮ ಮೇಲೆ ನನಗೆ ಪ್ರೀತಿ ಇದೆ. ಇದೆ ಅಂತ ಈಗ ಗೊತ್ತಾಯ್ತು."

"ಮಧ್ಯಾಹ್ನ ಇದೊಂದು ಮಾತಿಗೇ ಕೂತಿದ್ದೆ," ಎಂದ. "ನಂಗೂ ನೋವಾಗ್ತಿದೆ. ಆದ್ರೆ ನಿಮ್ಮ ದನಿಯಲ್ಲಿ ಖುಷಿ ಇದೆ, ವರ್ಷಿಣಿ. ನೋವು ವಾಪಸ್ ಸಿಕ್ತಲ್ಲ ಅಂತ. ನಂಗೆ ಹಾಗೇನಿಲ್ಲ. ನಂಗೆ ಬರೀ ನೋವು."

"ನಾಳೆ ನಾನೇ ಬರ್ತೀನಿ ಅಲ್ಲಿಗೆ."

"ಬೇಡ." ತುಂಬ ಮೆಲ್ಲಗೆ ಹೇಳಿದ. "ನಾಳೆ ನಿಮಗೆ ಏನಾದ್ರೂ ಅನ್ನಿಸುತ್ತೆ. ನಾಡಿದ್ದು? ಇವತ್ತು ಏನಾದ್ರೂ ಅನ್ನಿಸ್ತಿದೆಯಾ ಅಂತ ದಿನಾ ನಿಮ್ಮ ಮುಖ ನೋಡ್ಕೊಂಡು ಕೂರೋಕೆ ನನ್ನಿಂದಾಗಲ್ಲ. ಇವತ್ತು ಒಂದು ಸಲ ನೋಡ್ದೆ. ಸಾಕು."

ಒಳಗಿನಿಂದ ಅವನಮ್ಮ ಊಟಕ್ಕೆ ಕರೆದದ್ದು ಕೇಳಿಸಿತು.

"ಹೋಗಿ, ಊಟ ಮಾಡಿ," ಎಂದೆ.

"ಹೂಂ," ಎಂದ. ಫೋನ್ ಇಡಲಿಲ್ಲ. ನಾನೇ ಇಟ್ಟೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಏನಂದ ಎಂದು ಕೇಳಿದರು. ಬರಬೇಡಿ ಅಂದ ಎಂದೆ. ಅವರು ಗ್ಯಾಸ್ ಆರಿಸಿ, ಮಂಡಿ ಹಿಡಿದುಕೊಂಡು ನಿಧಾನವಾಗಿ ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಸುಧನ್ವ ಹೋದಾಗ ನನ್ನ ಕಣ್ಣಿನಿಂದ ಒಂದು ಹನಿಯೂ ಬಂದಿರಲಿಲ್ಲ. ಅದು ಅವರಿಗೆ ಗೊತ್ತಿತ್ತು. ಬಂದವರ ಮುಂದೆಲ್ಲ, ಅವಳಿಗೆ ಆಘಾತ ಎಂದು ನನ್ನ ಪರವಾಗಿ ಹೇಳಿದವರು ಅವರೇ.

ನನ್ನ ತಲೆಯನ್ನು ತಮ್ಮ ಭುಜಕ್ಕೆ ಎಳೆದುಕೊಂಡರು.

"ಅಳು," ಎಂದರು. "ಆ ಹುಡುಗನಿಗೋಸ್ಕರವೇ ಅಳು, ಪರವಾಗಿಲ್ಲ. ನನ್ನ ಮಗ ಏನೂ ಅಂದ್ಕೊಳಲ್ಲ."